ಆಟಿಸಂ ಥೆರಪಿ ಕೆಲಸಕ್ಕೆ ಸೇರುವ ಅಮ್ಮಂದಿರಿಗೆ: ಅರ್ಜಿ ಹಾಕುವ ಮುನ್ನದಿಂದ ಮೊದಲ ಮೂರು ತಿಂಗಳವರೆಗೆ

"ಮಗು ಶಾಲೆಗೆ ಹೋಗ್ತಿದೆ, ನಾನೂ ಕೆಲಸಕ್ಕೆ ಸೇರಬೇಕು ಅಂತಿದ್ದೀನಿ. ಆಟಿಸಂ ಥೆರಪಿ ಸೆಂಟರ್‌ನಲ್ಲಿ ಕೆಲಸ ಇದೆಯಂತೆ. ನನಗಾಗುತ್ತಾ?" ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಆಗುತ್ತದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಆಟಿಸಂ ಇರುವ, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ ಆಗಿರುವ, ಬಹುತೇಕ ಮಕ್ಕಳಿಗೆ ನಾಳೆ ಏನು ನಡೆಯುತ್ತದೆ, ಯಾರು ಬರುತ್ತಾರೆ ಎಂಬುದು ಗೊತ್ತಿದ್ದರೇ ನೆಮ್ಮದಿ. ಹತ್ತು ಗಂಟೆಗೆ ಬರಬೇಕಾದ ಮಿಸ್ ಬಾರದಿದ್ದರೆ ಆ ಮಗುವಿನ ಇಡೀ ದಿನ ಕೆಡುತ್ತದೆ. ಹಾಗಾಗಿ ಈ ಕೆಲಸದಲ್ಲಿ ನಿಮ್ಮ ಮನೆಯ ವ್ಯವಸ್ಥೆಯೂ ಥೆರಪಿಯ ಒಂದು ಭಾಗವೇ. ಎಂಟು ಸೆಷನ್ ಒಪ್ಪಿಕೊಂಡು ಮೂರು ತಪ್ಪಿಸುವುದಕ್ಕಿಂತ ನಾಲ್ಕು ಒಪ್ಪಿಕೊಂಡು ನಾಲ್ಕನ್ನೂ ನಡೆಸುವುದು ಮೇಲು. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಹಂತ 1: ನಿಮ್ಮ ಓದಿಗೆ ಯಾವ ಹುದ್ದೆ ಎಂದು ತಿಳಿದುಕೊಳ್ಳಿ

"ಥೆರಪಿಸ್ಟ್" ಎಂಬ ಒಂದೇ ಪದದಡಿ ಬೇರೆ ಬೇರೆ ಕೆಲಸಗಳಿವೆ. ಮಾತು, ಭಾಷೆ, ನುಂಗುವ ತೊಂದರೆಗಳನ್ನು ನೋಡುವವರು ಸ್ಪೀಚ್ ಥೆರಪಿಸ್ಟ್. ಇದಕ್ಕೆ ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್-ಭಾಷೆಯ ತೊಂದರೆಗಳ) ಪದವಿ ಬೇಕು; ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದ ಜಾಗ. ಸ್ಪರ್ಶ, ಶಬ್ದ, ಚಲನೆಯಂಥ ಇಂದ್ರಿಯಗಳ ಹೊಂದಾಣಿಕೆ, ಕೈಬೆರಳ ಕೆಲಸ, ಊಟ, ಬಟ್ಟೆ ಹಾಕಿಕೊಳ್ಳುವುದು ಇವೆಲ್ಲ ಆಕ್ಯುಪೇಷನಲ್ ಥೆರಪಿಸ್ಟ್ ಪಾಲು. ಅದಕ್ಕೂ ಪ್ರತ್ಯೇಕ ಪದವಿ ಇದೆ. ಓದು, ಬರಹ, ತರಗತಿಯ ಕೌಶಲ ಕಲಿಸುವವರು ವಿಶೇಷ ಶಿಕ್ಷಕಿಯರು. ಎರಡು ವರ್ಷದ ಡಿ.ಎಡ್ ಅಥವಾ ಬಿ.ಎಡ್ ವಿಶೇಷ ಶಿಕ್ಷಣ ಮಾಡಿದವರು ಈ ಕೆಲಸಕ್ಕೆ ಬರುತ್ತಾರೆ.

ಸ್ಪೀಚ್ ಥೆರಪಿಸ್ಟರಿಗೂ ವಿಶೇಷ ಶಿಕ್ಷಕರಿಗೂ ಭಾರತೀಯ ಪುನರ್ವಸತಿ ಪರಿಷತ್ತಿನ, ಎಲ್ಲರ ಬಾಯಲ್ಲಿ ಆರ್‌ಸಿಐ, ನೋಂದಣಿ ಕಡ್ಡಾಯ. 1992ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ನಡೆಸುವುದು ಅಪರಾಧ. ಮದುವೆ, ಹೆರಿಗೆ ಅಂತ ಕೆಲವು ವರ್ಷ ಮನೆಯಲ್ಲಿದ್ದವರು ನಿಮ್ಮ ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ನವೀಕರಿಸಲು ಮುಂದುವರಿಕೆ ಶಿಕ್ಷಣದ, ಅಂದರೆ ಕಾರ್ಯಾಗಾರ, ತರಬೇತಿಗಳಿಂದ ಸಿಗುವ, ಅಂಕಗಳು ಬೇಕು. ಅವು ಒಂದೇ ವಾರದಲ್ಲಿ ಸೇರುವುದಿಲ್ಲ.

ಬಿ.ಎ., ಬಿ.ಕಾಂ., ಮನಶ್ಶಾಸ್ತ್ರದ ಪದವಿ ಇರುವವರಿಗೆ ಸಿಗುವುದು ಸಾಮಾನ್ಯವಾಗಿ ಮೂರು ಬಗೆಯ ಕೆಲಸ: ಥೆರಪಿ ಸಹಾಯಕಿ, ಶಾಲೆಯಲ್ಲಿ ಒಂದು ಮಗುವಿನ ಜೊತೆಗೇ ಇರುವ ಶ್ಯಾಡೋ ಟೀಚರ್, ಅಥವಾ ಎಬಿಎ ಥೆರಪಿಸ್ಟ್. ಎಬಿಎ ಎಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ. ಒಂದು ಕೌಶಲವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ಸರಿ ಪ್ರಯತ್ನಕ್ಕೂ ಮಗುವಿಗೆ ಇಷ್ಟವಾದದ್ದನ್ನು ಕೊಟ್ಟು, ಆಗಿದ್ದನ್ನೆಲ್ಲ ಬರೆದಿಟ್ಟುಕೊಂಡು ಕಲಿಸುವ ವಿಧಾನ. ಆರ್‌ಸಿಐ ಪಟ್ಟಿಯಲ್ಲಿ ಎಬಿಎ ಥೆರಪಿಸ್ಟ್ ಎಂಬ ಪ್ರತ್ಯೇಕ ವರ್ಗವಿಲ್ಲ. ಆದ್ದರಿಂದ ನಿಮ್ಮ ಮೇಲೆ ಅರ್ಹ ಸೂಪರ್‌ವೈಸರ್ ಇರಲೇಬೇಕು.

ಇಲ್ಲೊಂದು ಕಡೆ ಅನೇಕರು ಹಣ ಕಳೆದುಕೊಳ್ಳುತ್ತಾರೆ. "ಆರ್‌ಬಿಟಿ ಸರ್ಟಿಫಿಕೇಟ್ ಕೊಡಿಸ್ತೀವಿ" ಎಂದು 40 ಗಂಟೆಯ ಆನ್‌ಲೈನ್ ಕೋರ್ಸ್ ಮಾರುವವರಿದ್ದಾರೆ. ಆರ್‌ಬಿಟಿ, ಅಂದರೆ ನೋಂದಾಯಿತ ವರ್ತನಾ ತಂತ್ರಜ್ಞ ಎಂಬ ಬಿರುದು, ಕೊಡುವುದು ಅಮೆರಿಕದ ಒಂದು ಮಂಡಳಿ. 2023ರ ಜನವರಿಯಿಂದ ಅದು ಭಾರತದಲ್ಲಿ ನೆಲೆಸಿದವರ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುತ್ತಿಲ್ಲ. ಕೋರ್ಸಿನಿಂದ ವಿದ್ಯೆ ಬರಬಹುದು, ಆ ಬಿರುದು ಬರುವುದಿಲ್ಲ. ದುಡ್ಡು ಕಟ್ಟುವ ಮೊದಲು "ಕೊನೆಗೆ ಸರ್ಟಿಫಿಕೇಟ್ ಕೊಡುವವರು ಯಾರು, ಅದರ ಮೇಲೆ ಏನೆಂದು ಬರೆದಿರುತ್ತದೆ" ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ಹಂತ 2: ಸಂದರ್ಶನಕ್ಕೆ ಮೊದಲು ಮನೆಯ ಗಡಿಯಾರ ನೋಡಿ

ಒಂದು ಹಾಳೆಯಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಅರ್ಧರ್ಧ ಗಂಟೆಯ ಗೆರೆ ಎಳೆಯಿರಿ. ನಿಮ್ಮ ಮಗುವಿನ ಶಾಲೆ, ವ್ಯಾನ್ ಸಮಯ, ಗಂಡನ ಪಾಳಿ, ಅತ್ತೆಯವರ ವೈದ್ಯರ ಭೇಟಿ ಎಲ್ಲವನ್ನೂ ತುಂಬಿ. ಉಳಿಯುವ ಖಾಲಿ ಮನೆಗಳೇ ನೀವು ಮಾರಬಹುದಾದ ಸಮಯ. ಅದಕ್ಕಿಂತ ಒಂದು ಮನೆಯನ್ನೂ ಹೆಚ್ಚಿಗೆ ಒಪ್ಪಿಕೊಳ್ಳಬೇಡಿ.

ಹೊಸಬರು ಗಮನಿಸದೆ ಸಿಕ್ಕಿಬೀಳುವುದು ಸಂಜೆ ಸ್ಲಾಟ್‌ನಲ್ಲಿ. ಶಾಲೆಗೆ ಹೋಗುವ ಮಕ್ಕಳು ಥೆರಪಿಗೆ ಬರುವುದು ಸಂಜೆ ನಾಲ್ಕರಿಂದ ಏಳರ ನಡುವೆ. ಸೆಂಟರ್‌ಗಳಿಗೆ ಜನ ಬೇಕಾಗುವುದೂ ಆಗಲೇ. ನಿಮ್ಮ ಮಗು ಮನೆಗೆ ಬಂದು "ಅಮ್ಮ" ಎನ್ನುವುದೂ ಅದೇ ಹೊತ್ತಿಗೆ. ಇನ್ನೂ ಶಾಲೆಗೆ ಸೇರದ ಎರಡರಿಂದ ಐದು ವರ್ಷದ ಮಕ್ಕಳು ಬೆಳಗಿನ ಹೊತ್ತು ಬರುತ್ತಾರೆ. ಚಿಕ್ಕ ಮಕ್ಕಳಿರುವ ಅಮ್ಮಂದಿರು ಬೆಳಗಿನ ಈ ಸೆಷನ್‌ಗಳನ್ನೇ ಕೇಳಿ ಪಡೆಯಬೇಕು. ಒಂದು ಸೆಷನ್ 45 ನಿಮಿಷ. ಆಟಿಕೆ ಒರೆಸಿಡಲು, ಬರೆದಿಡಲು 15 ನಿಮಿಷ. ಹೀಗೆ 9.30ರಿಂದ 1.30ರವರೆಗೆ ನಾಲ್ಕು ಸೆಷನ್ ಆಗುತ್ತವೆ. ಮೊದಲ ಮೂರು ತಿಂಗಳಿಗೆ ಇಷ್ಟು ಸಾಕು.

ಮಂಡ್ಯದಿಂದ ಮೈಸೂರಿಗೆ ಬರುವವರು 45 ಕಿಲೋಮೀಟರ್‌ ದಾರಿಯನ್ನು ಮಾತ್ರ ಲೆಕ್ಕ ಹಾಕಿ ಸೋಲುತ್ತಾರೆ. ಮನೆಯಿಂದ ಬಸ್ ಸ್ಟ್ಯಾಂಡ್, ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಸಿಟಿ ಬಸ್ ಸ್ಟ್ಯಾಂಡಿಗೆ ನಡಿಗೆ, ಅಲ್ಲಿಂದ ಕುವೆಂಪುನಗರಕ್ಕೋ ಬೋಗಾದಿಗೋ ಇನ್ನೊಂದು ಬಸ್ಸು ಎಂದು ಪೂರ್ತಿ ಲೆಕ್ಕ ಹಾಕಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ರಾಜಹಂಸದಂಥ ಬಸ್ಸಿಗೆ ಅದು ನಡೆಯುವುದಿಲ್ಲ. ಸೇರುವ ಮುಂಚೆ, ಕೆಲಸದ ದಿನವೇ, ಕೆಲಸದ ಹೊತ್ತಿಗೇ ಎರಡು ಸಲ ಹೋಗಿ ಬನ್ನಿ. ಭಾನುವಾರ ಹೋಗಿ ನೋಡಿದರೆ ಆ ಲೆಕ್ಕ ಸುಳ್ಳಾಗುತ್ತದೆ. ಮಂಡ್ಯದಲ್ಲೇ ಹುಡುಕುವವರು ಖಾಸಗಿ ಸೆಂಟರ್‌ಗಳ ಜೊತೆಗೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಸರ್ಕಾರಿ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರದ ಗುತ್ತಿಗೆ ಹುದ್ದೆಗಳನ್ನೂ, ವಿಶೇಷ ಬಿ.ಎಡ್ ಆದವರು ತಾಲ್ಲೂಕು ಮಟ್ಟದ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು) ಹುದ್ದೆಗಳನ್ನೂ ವಿಚಾರಿಸಿ.

ಕೊನೆಯದಾಗಿ, ನಿಮ್ಮ ಮಗುವಿಗೆ ಜ್ವರ ಬಂದ ದಿನ ಯಾರು? ಒಂದು ಹೆಸರು ಸಾಲದು, ಎರಡು ಬೇಕು. ಇಬ್ಬರನ್ನೂ ಈಗಲೇ ಕೇಳಿ ಒಪ್ಪಿಸಿಕೊಳ್ಳಿ. "ನಮ್ಮ ಅತ್ತೆ ಇದ್ದಾರಲ್ಲ" ಎಂದು ಅವರನ್ನು ಕೇಳದೆ ಲೆಕ್ಕಕ್ಕೆ ಸೇರಿಸುವುದು ಅವರಿಗೂ ನ್ಯಾಯವಲ್ಲ.

ಹಂತ 3: ಸಂದರ್ಶನದಲ್ಲಿ ನೀವು ಕೇಳಬೇಕಾದವು

ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಅವರನ್ನು ಕೇಳಿ. ಸೂಪರ್‌ವೈಸರ್ ಯಾರು, ಅವರ ಆರ್‌ಸಿಐ ಸಂಖ್ಯೆ ಏನು, ವಾರಕ್ಕೆ ಎಷ್ಟು ಸಲ ನನ್ನ ಸೆಷನ್ ಕೂತು ನೋಡುತ್ತಾರೆ? ತರಬೇತಿಯ ದಿನಗಳಿಗೆ ಸಂಬಳ ಇದೆಯೇ? ಬರೆದಿಡುವ 15 ನಿಮಿಷ ಕೆಲಸದ ಲೆಕ್ಕಕ್ಕೆ ಬರುತ್ತದೆಯೇ? ಮಗು ಬಾರದಿದ್ದರೆ ನನಗೆ ಹಣ ಉಂಟೇ?

ಈ ಕೊನೆಯ ಪ್ರಶ್ನೆಯೇ ಮುಖ್ಯ. ಸೆಷನ್‌ಗಿಷ್ಟು ಎಂಬ ಲೆಕ್ಕದಲ್ಲಿ ತಿಂಗಳಿಗೆ 80 ಸೆಷನ್ ಎಂದು ನಂಬಿ ಕೂತರೆ, ಎಂಟಕ್ಕೊಂದು ರದ್ದಾದರೂ ಹತ್ತರ ಹಣ ಹೋಯಿತು. ದಸರಾ ರಜೆ, ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ಕುಟುಂಬಗಳು ಹೆಚ್ಚು. ತಿಂಗಳ ಸಂಬಳ ಸ್ವಲ್ಪ ಕಡಿಮೆ ಕಂಡರೂ ಮೊದಲ ವರ್ಷಕ್ಕೆ ಅದೇ ಸುರಕ್ಷಿತ. ಮನೆಗೆ ಹೋಗಿ ಮಾಡುವ ಸೆಷನ್ ಆದರೆ ಪೆಟ್ರೋಲ್ ಹಣ, ದಾರಿಯ ಸಮಯ ಎರಡನ್ನೂ ಸೇರಿಸಿಯೇ ಮಾತಾಡಿ.

ಬಾಂಡ್‌ಗೆ ಸಹಿ ಹಾಕಿಸಿಕೊಂಡು ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಕಡೆ ಸೇರಬೇಡಿ. ನಕಲು ಕೊಡಿ, ಮೂಲವನ್ನು ತೋರಿಸಿ ವಾಪಸ್ ತನ್ನಿ. ನೇಮಕಾತಿ ಪತ್ರದಲ್ಲಿ ಸಂಬಳ, ಕೆಲಸದ ಅವಧಿ, ರಜೆ, ಬಿಡುವಾಗ ಎಷ್ಟು ದಿನದ ನೋಟಿಸ್ ಎಂಬುದೆಲ್ಲ ಇರಲಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಚಾರಿಸಿ. ಅದು ನಿಮ್ಮ ಮಕ್ಕಳ ಚಿಕಿತ್ಸೆಗೂ ಆಗುತ್ತದೆ. ಅಷ್ಟು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಇರಬೇಕು. 50 ಜನರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೊಠಡಿ ಕಾನೂನಿನ ಮಾತು, ಅದನ್ನು ಕೇಳಲು ಸಂಕೋಚ ಬೇಡ. ಗರ್ಭಿಣಿಯಾಗಿದ್ದರೆ ಸೂಪರ್‌ವೈಸರ್‌ಗೆ ಬೇಗ ತಿಳಿಸಿ. ಒದೆಯುವ, ಮೈಮೇಲೆ ಬೀಳುವ ಮಕ್ಕಳ ಸೆಷನ್‌ ಆಗ ನಿಮಗೆ ಹಾಕಬಾರದು.

"ಆರು ತಿಂಗಳಲ್ಲಿ ಆಟಿಸಂ ಗುಣಪಡಿಸುತ್ತೇವೆ" ಎಂದು ಫಲಕ ಹಾಕಿದ ಜಾಗವಾದರೆ ಅಲ್ಲಿಂದಲೇ ತಿರುಗಿ ಬನ್ನಿ. ಆಟಿಸಂ ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ ಆಗಿರುವುದು. ಕೌಶಲ ಬೆಳೆಸಬಹುದು, ಬದುಕು ಸಲೀಸು ಮಾಡಬಹುದು, ಗುಣಪಡಿಸುವ ಮಾತು ಮೋಸ. ಅಂಥ ಕಡೆ ಪೋಷಕರ ಕಣ್ಣೀರಿಗೆ ಉತ್ತರ ಹೇಳಬೇಕಾದವರು ಕೊನೆಗೆ ನೀವೇ ಆಗುತ್ತೀರಿ. ಹೊರಡುವ ಮುಂಚೆ ಥೆರಪಿ ಕೋಣೆಯ ಬಾಗಿಲು ನೋಡಿ. ಗಾಜಿನ ಕಿಂಡಿ ಅಥವಾ ಕ್ಯಾಮೆರಾ ಇರಬೇಕು. ಅದು ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ.

ಹಂತ 4: ಸೇರುವ ಹಿಂದಿನ ವಾರ

ಟೆಟನಸ್ ಚುಚ್ಚುಮದ್ದು ಯಾವಾಗ ಆಗಿದೆ ನೋಡಿಕೊಳ್ಳಿ, ಹೆಪಟೈಟಿಸ್ ಬಿ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಉಗುರು ಪೂರ್ತಿ ಕತ್ತರಿಸಿ.

ಉಡುಪಿನಲ್ಲಿ ಕೈಗೆ ಸಿಗುವಂಥದ್ದು, ಸದ್ದು ಮಾಡುವಂಥದ್ದು, ಗಾಢ ವಾಸನೆ ಬರುವಂಥದ್ದು ಇರಬಾರದು. ಜುಮುಕಿ ಎಳೆದರೆ ಕಿವಿ ಹರಿಯುತ್ತದೆ, ಚಿಕ್ಕ ಓಲೆ ಹಾಕಿಕೊಳ್ಳಿ. ಮಾಂಗಲ್ಯದ ಉದ್ದ ಸರವನ್ನು ಕುರ್ತಾದೊಳಗೆ ಹಾಕಿ, ಸಾಧ್ಯವಾದರೆ ಗಿಡ್ಡ ಸರಕ್ಕೆ ಬದಲಿಸಿ. ಗಾಜಿನ ಬಳೆ ಒಡೆದರೆ ಮಗುವಿನ ಕೈಗೂ ಗಾಯ. ದುಪಟ್ಟಾದ ಪಿನ್ನು ಬೇಡ, ದುಪಟ್ಟಾನೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಕಾಲ್ಗೆಜ್ಜೆಯ ಸದ್ದು ಕೆಲವು ಮಕ್ಕಳಿಗೆ ಕಿವಿಯಲ್ಲಿ ಸೂಜಿ ಚುಚ್ಚಿದಂತೆ. ಮುಡಿದ ಮಲ್ಲಿಗೆಯ ಘಮ, ಸೆಂಟಿನ ವಾಸನೆಗೆ ಹತ್ತಿರವೇ ಬಾರದ ಮಕ್ಕಳಿದ್ದಾರೆ. ಹೂವನ್ನು ಸಂಜೆ ಮನೆಗೆ ಬಂದ ಮೇಲೆ ಮುಡಿಯಿರಿ.

ಚೀಲದಲ್ಲಿ ಒಂದು ಜೊತೆ ಬಟ್ಟೆ, ಸಣ್ಣ ಟೈಮರ್, ಪೆನ್ನು ಎರಡು, ನೀರು, ನಿಮ್ಮ ಊಟ ಇರಲಿ. ಊಟ ಬಿಟ್ಟು ಸೆಷನ್ ಮಾಡಬೇಡಿ. ಹಸಿವಾದಾಗ ದನಿ ಒರಟಾಗುತ್ತದೆ, ಮಕ್ಕಳಿಗೆ ಅದು ನಿಮಗಿಂತ ಮೊದಲು ಗೊತ್ತಾಗುತ್ತದೆ.

ಹಂತ 5: ಮೊದಲ ಎರಡು ವಾರ ಕಲಿಸಬೇಡಿ

ಹೊಸಬರ ಅವಸರ ಇಲ್ಲೇ ಮುಗ್ಗರಿಸುವುದು. ಮೊದಲ ದಿನವೇ "ಇದೇನು ಹೇಳು? ಕೆಂಪು ತೋರಿಸು" ಎಂದು ಶುರು ಮಾಡಿದರೆ ನಿಮ್ಮ ಮುಖ ಕಂಡರೆ ಮಗು ಬಾಗಿಲಿಗೆ ಓಡುತ್ತದೆ. ಮೊದಲ ಕೆಲಸ ಪೇರಿಂಗ್, ಅಂದರೆ ನಿಮ್ಮನ್ನು ಕಂಡಾಗ ಒಳ್ಳೆಯದು ನಡೆಯುತ್ತದೆ ಎಂದು ಮಗುವಿಗೆ ಅನಿಸುವಂತೆ ಮಾಡುವುದು. ಮಗು ಚಕ್ರ ತಿರುಗಿಸುತ್ತಿದ್ದರೆ ನೀವೂ ಪಕ್ಕದಲ್ಲಿ ಇನ್ನೊಂದು ಚಕ್ರ ತಿರುಗಿಸಿ. ಪ್ರಶ್ನೆ ಬೇಡ, ಆಜ್ಞೆ ಬೇಡ. ಇಷ್ಟದ ವಸ್ತುಗಳು ನಿಮ್ಮ ಕೈಯಿಂದಲೇ ಬರಲಿ. ಮಗು ತಾನಾಗಿ ನಿಮ್ಮ ಹತ್ತಿರ ಬಂದು ಕೂತರೆ, ನಿಮ್ಮ ಕೈ ಹಿಡಿದು ಎಳೆದರೆ ಪೇರಿಂಗ್ ಆಗಿದೆ ಎಂದರ್ಥ. ಕೆಲವರಿಗೆ ಮೂರು ದಿನ ಸಾಕು, ಕೆಲವರಿಗೆ ಮೂರು ವಾರ.

ಇದೇ ಹೊತ್ತಿನಲ್ಲಿ ಮಗುವಿನ ಫೈಲ್ ಓದಿ. ಅದರಲ್ಲಿ ಸಾಮಾನ್ಯವಾಗಿ ಐಎಸ್‌ಎಎ ಎಂಬ ಅಂಕ ಇರುತ್ತದೆ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ರೂಪಿಸಿದ 40 ಅಂಶಗಳ ಮಾಪನ ಅದು. 70ಕ್ಕಿಂತ ಕಡಿಮೆ ಇದ್ದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಂಕ ಹಾಕುವುದು ಅರ್ಹ ತಜ್ಞರ ಕೆಲಸ, ನೀವು ಓದಿಕೊಂಡರೆ ಸಾಕು. ಅಂಕಕ್ಕಿಂತ ಮುಖ್ಯವಾಗಿ ಮೂರನ್ನು ಹುಡುಕಿ: ಅಪಸ್ಮಾರ ಇದೆಯೇ, ಯಾವುದಾದರೂ ಆಹಾರದ ಅಲರ್ಜಿ ಅಥವಾ ಪಥ್ಯ ಇದೆಯೇ, ಬಾಗಿಲು ತೆಗೆದು ಓಡುವ ಅಭ್ಯಾಸ ಇದೆಯೇ.

ಹಂತ 6: ಸೆಷನ್ ನಡೆಸುವುದು

ಕೂತ ಮೊದಲ ಎರಡು ನಿಮಿಷ ಇವತ್ತು ಮಗುವಿಗೆ ಏನು ಬೇಕು ಎಂದು ತಿಳಿಯಲು. ಐದು ವಸ್ತು ಸಾಲಾಗಿ ಇಡಿ: ಗುಳ್ಳೆ ಊದುವ ಡಬ್ಬಿ, ಕಾರು, ಬುಗುರಿ, ಪುರಿ, ಸದ್ದಿನ ಆಟಿಕೆ. ಮಗು ಒಂದನ್ನು ಎತ್ತಿಕೊಳ್ಳಲಿ, ಕೆಲವು ಕ್ಷಣ ಆಡಲಿ. ಅದನ್ನು ಪಕ್ಕಕ್ಕಿಟ್ಟು ಉಳಿದ ನಾಲ್ಕನ್ನು ಜಾಗ ಬದಲಿಸಿ ಮತ್ತೆ ಇಡಿ. ಎತ್ತಿಕೊಂಡ ಕ್ರಮವೇ ಇವತ್ತಿನ ಇಷ್ಟದ ಕ್ರಮ. ನಿನ್ನೆ ಇಷ್ಟವಾದದ್ದು ಇವತ್ತೂ ಇಷ್ಟ ಎಂದುಕೊಳ್ಳಬೇಡಿ. ತಿನ್ನುವುದನ್ನು ಬಹುಮಾನವಾಗಿ ಕೊಡುವುದಾದರೆ ಒಂದು ಮಾರಿ ಬಿಸ್ಕತ್ತನ್ನು ಎಂಟು ಚೂರು ಮಾಡಿ. ಇಡೀ ಬಿಸ್ಕತ್ತು ಕೊಟ್ಟರೆ ಮೂರನೇ ಸಲಕ್ಕೆ ಹೊಟ್ಟೆ ತುಂಬಿರುತ್ತದೆ, ಆಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಡಲೆಕಾಯಿ ಬೀಜ, ಹುರಿಗಡಲೆ ಚಿಕ್ಕ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಬೇಡ.

ಆಮೇಲೆ ಒಂದೊಂದು ಪ್ರಯತ್ನ. ಮಗುವಿನ ಗಮನ ನಿಮ್ಮ ಕಡೆ ಬಂದಾಗ ಚಿಕ್ಕ ಸೂಚನೆ ಕೊಡಿ, ಒಂದೇ ಸಲ. ಮೂರರಿಂದ ಐದು ಸೆಕೆಂಡ್ ಕಾಯಿರಿ. ಈ ಐದು ಸೆಕೆಂಡ್ ಬಹಳ ಉದ್ದ ಅನಿಸುತ್ತದೆ, ಬಾಯಿ ತಡೆಯುವುದಿಲ್ಲ, ಮನಸ್ಸಿನಲ್ಲೇ ಎಣಿಸಿ. "ಕೊಡು, ಕೊಡು, ಕೊಡು ಪುಟ್ಟಾ, ಕೊಡಲ್ವಾ?" ಎಂದು ನಾಲ್ಕು ಸಲ ಹೇಳಿದರೆ ನಾಲ್ಕನೇ ಸಲಕ್ಕೆ ಕೊಟ್ಟರೆ ಸಾಕು ಎಂದು ಮಗು ಕಲಿಯುತ್ತದೆ. ಉತ್ತರ ಬಂದರೆ ತಕ್ಷಣ ಬಹುಮಾನ. ಬಾರದಿದ್ದರೆ ಪ್ರಾಂಪ್ಟ್, ಅಂದರೆ ಉತ್ತರ ಬರಲು ಬೇಕಾದಷ್ಟೇ ಸಹಾಯ: ಬೆರಳು ತೋರಿಸುವುದು, ಮೊಣಕೈ ಮೆಲ್ಲಗೆ ಮುಟ್ಟುವುದು, ಕೈಹಿಡಿದು ಮಾಡಿಸುವುದು. ಮಗು ಕೈ ಕೊಸರಿಕೊಂಡರೆ ಹಿಡಿದು ಮಾಡಿಸುವುದನ್ನು ಅಲ್ಲೇ ಬಿಡಿ. ಒತ್ತಾಯದ ಸ್ಪರ್ಶದಿಂದ ಕಲಿಕೆ ಬರುವುದಿಲ್ಲ, ಭಯ ಬರುತ್ತದೆ. ಕೊಟ್ಟ ಸಹಾಯವನ್ನು ಹಂತಹಂತವಾಗಿ ತೆಗೆಯುವುದೂ ನಿಮ್ಮದೇ ಕೆಲಸ. ತೆಗೆಯದೆ ಬಿಟ್ಟರೆ ನೀವು ಬೆರಳು ತೋರಿಸುವವರೆಗೆ ಮಗು ಸುಮ್ಮನೆ ಕಾಯುತ್ತದೆ. ಪ್ರಾಂಪ್ಟ್‌ಗೆ ಒಗ್ಗಿಹೋಗುವುದು ಎಂದರೆ ಇದೇ.

ಈಗ ಕನ್ನಡದಲ್ಲಿ ಥೆರಪಿ ಮಾಡುವವರು ವಿಶೇಷವಾಗಿ ಗಮನಿಸಬೇಕಾದ್ದು. ಆಟಿಸಂ ಇರುವ ಅನೇಕ ಮಕ್ಕಳು ಕೇಳಿದ್ದನ್ನು ಕೇಳಿದಂತೆಯೇ ಮರುಹೇಳುತ್ತಾರೆ. ಇದಕ್ಕೆ ಎಕೋಲೇಲಿಯ ಅನ್ನುತ್ತಾರೆ, ಅನುರಣಿಸುವ ಮಾತು. ನಾವು ಮನೆಯಲ್ಲಿ ಲೋಟ ಹಿಡಿದು "ನೀರು ಬೇಕಾ?" ಅನ್ನುತ್ತೇವೆ. ಮಗು "ನೀರು ಬೇಕಾ" ಎನ್ನುತ್ತದೆ, ನೀರು ಸಿಗುತ್ತದೆ. ಮರುದಿನ ಬಾಯಾರಿದಾಗ ಬಂದು "ನೀರು ಬೇಕಾ" ಎಂದೇ ಕೇಳುತ್ತದೆ. ಮಗುವಿನ ಲೆಕ್ಕದಲ್ಲಿ ಅದು ಪ್ರಶ್ನೆಯೇ ಅಲ್ಲ, ನೀರಿನ ಹೆಸರು. ಆದ್ದರಿಂದ ಕಲಿಸುವಾಗ ಪ್ರಶ್ನೆ ಕೇಳಬೇಡಿ, ಮಗು ಏನು ಹೇಳಬೇಕೋ ಅದನ್ನೇ ನೀವು ಹೇಳಿ. ಲೋಟ ಕಾಣುವಂತೆ ಹಿಡಿಯಿರಿ, ಮಗು ಕೈ ಚಾಚಿದ ಕೂಡಲೇ "ನೀರು ಬೇಕು" ಎನ್ನಿ, ಮಗು "ನೀ" ಎಂದರೂ ಕೊಟ್ಟುಬಿಡಿ. "ನಿಂಗೆ ಕೊಡ್ಲಾ?" ಎಂದರೆ ಮಗು "ನಿಂಗೆ ಕೊಡ್ಲಾ" ಎಂದೇ ಕಲಿಯುತ್ತದೆ, "ನಂಗೆ ಕೊಡು" ಎಂಬ ಮಾದರಿ ಬೇಕು. ಬೇಕು, ಬೇಡ, ಕೊಡು, ಸಾಕು ಈ ನಾಲ್ಕು ಮಾತು ಅ ಆ ಇ ಈಗಿಂತ ಮೊದಲು ಬರಬೇಕು. "ಬೇಡ" ಎನ್ನಲು ಬರುವ ಮಗುವಿಗೆ ಕಚ್ಚುವ ಅಗತ್ಯ ಕಡಿಮೆ. ಬಾಯಿಮಾತು ಬಾರದ ಮಗುವಿಗೆ ಇದೇ ನಾಲ್ಕನ್ನು ಚಿತ್ರದ ಕಾರ್ಡಿನಲ್ಲೋ ಕೈಸನ್ನೆಯಲ್ಲೋ ಕೊಡಿ. ಕಾರ್ಡು ಕೊಟ್ಟರೆ ಮಾತು ನಿಂತುಹೋಗುತ್ತದೆ ಎಂಬ ಭಯ ತಪ್ಪು.

ಇನ್ನೊಂದು: ಕೂರಲು ಹೇಳುವಾಗ ನೀವು "ಕೂತ್ಕೊ" ಅನ್ನುತ್ತೀರಿ, ಮಂಡ್ಯದ ಅಜ್ಜಿ "ಕುಂತ್ಕೊ" ಅನ್ನುತ್ತಾರೆ, ಅಪ್ಪ "ಸಿಟ್ ಡೌನ್" ಅನ್ನುತ್ತಾರೆ. ನಮಗೆ ಮೂರೂ ಒಂದೇ, ಈಗಷ್ಟೇ ಮಾತು ಹಿಡಿಯುತ್ತಿರುವ ಮಗುವಿಗೆ ಮೂರು ಬೇರೆ ಬೇರೆ ಸದ್ದು. ಮೊದಲ ಇಪ್ಪತ್ತು ಪದಗಳ ಪಟ್ಟಿ ಮಾಡಿ, ಮನೆಯಲ್ಲಿ ಯಾವ ರೂಪ ಬಳಕೆಯಲ್ಲಿದೆಯೋ ಅದನ್ನೇ ಸೆಂಟರ್‌ನಲ್ಲೂ ಇಟ್ಟುಕೊಳ್ಳಿ. ಅಜ್ಜಿಯ "ಕುಂತ್ಕೊ" ಸರಿಯಾದ ಕನ್ನಡವೇ, ಅದನ್ನು ತಿದ್ದಲು ಹೋಗಬೇಡಿ. ಮಗು ದಿನವಿಡೀ ಕೇಳುವುದು ಅದನ್ನೇ.

ಪ್ರತಿ ಪ್ರಯತ್ನವನ್ನೂ ಆಗಲೇ ಬರೆಯಿರಿ: ತಾನೇ ಮಾಡಿದರೆ ಕೂಡಿಸುವ ಗುರುತು, ತಪ್ಪಿದರೆ ಕಳೆಯುವ ಗುರುತು, ಸಹಾಯ ಬೇಕಾದರೆ "ಪ್ರಾ". ಹತ್ತರಲ್ಲಿ ಏಳು ತಾನೇ ಮಾಡಿದರೆ ಶೇ 70. ಶೇ 80 ಅನ್ನು ಮೂರು ಸೆಷನ್ ಸತತವಾಗಿ ದಾಟಿದರೆ ಮುಂದಿನ ಗುರಿಗೆ ಹೋಗುವುದು ಅನೇಕ ಕಡೆಯ ಪದ್ಧತಿ. ನಿಮ್ಮ ಸೆಂಟರ್‌ನ ನಿಯಮ ಕೇಳಿಕೊಳ್ಳಿ. ಸೆಷನ್ ಮುಗಿದ ಮೇಲೆ ನೆನಪಿನಿಂದ ತುಂಬಿದ ಹಾಳೆ ನಂಬಿಕೆಗೆ ಅರ್ಹವಲ್ಲ. ಒಂದು ವಾರ ಈ ಶೇಕಡಾ ಲೆಕ್ಕ ಮೇಲೇರದಿದ್ದರೆ ಮಗುವನ್ನು ದೂರಬೇಡಿ, ಹಾಳೆ ಹಿಡಿದು ಸೂಪರ್‌ವೈಸರ್ ಹತ್ತಿರ ಹೋಗಿ. ಗುರಿ ದೊಡ್ಡದಾಗಿರಬಹುದು ಅಥವಾ ಬಹುಮಾನ ಸಪ್ಪೆಯಾಗಿರಬಹುದು.

ಹಂತ 7: ಅಳು, ಹೊಡೆತ, ಕಚ್ಚುವುದು

ವರ್ತನೆಯ ಹಿಂದೆ ಕಾರಣ ಇದ್ದೇ ಇರುತ್ತದೆ. ಮೂರು ಕಾಲಂ ಹಾಕಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. "ಪಜಲ್ ಇಟ್ಟೆ, ತಲೆ ಚಚ್ಚಿಕೊಂಡ, ಪಜಲ್ ತೆಗೆದೆ" ಎಂದು ನಾಲ್ಕು ಸಲ ಬಂದರೆ ಚಚ್ಚಿಕೊಳ್ಳುವುದು ಕೆಲಸದಿಂದ ತಪ್ಪಿಸಿಕೊಳ್ಳುವ ಭಾಷೆ. ಪಜಲ್ ಸುಲಭ ಮಾಡಿ, "ಸಾಕು" ಕಾರ್ಡು ಕೊಡಿ. ಹಳೆಯ ವರ್ತನೆಗೆ ಫಲ ಸಿಗದಂತೆ ಮಾಡಿದಾಗ ಅದು ಕಡಿಮೆಯಾಗುವ ಮುನ್ನ ಕೆಲವು ದಿನ ಹೆಚ್ಚಾಗಬಹುದು. ಹೆದರಿ ಮಧ್ಯದಲ್ಲಿ ಬಿಟ್ಟರೆ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಕಲಿಸಿದಂತಾಗುತ್ತದೆ. ಇಂಥ ಯೋಜನೆಯನ್ನು ಸೂಪರ್‌ವೈಸರ್ ಇಲ್ಲದೆ ಶುರು ಮಾಡಲೇಬೇಡಿ. ಇದ್ದಕ್ಕಿದ್ದಂತೆ ಶುರುವಾದ ವರ್ತನೆಯಾದರೆ ಮೊದಲು ನೋವು ಹುಡುಕಿ: ಕಿವಿ, ಹಲ್ಲು, ಮಲಬದ್ಧತೆ. ದಸರಾಗೆ ಮುಂಚೆ ಅರಮನೆಯ ಆಸುಪಾಸಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುವ ದಿನ ಗೊತ್ತಿದ್ದರೆ ಮಗುವಿಗೆ ಚಿತ್ರದಲ್ಲಿ ತೋರಿಸಿ ಹೇಳಿಡಿ, ಕಿವಿಮುಚ್ಚುವ ಹೆಡ್‌ಫೋನ್ ಸಿದ್ಧವಿರಲಿ.

ಕಚ್ಚಿ ಹಿಡಿದರೆ ಕೈ ಹಿಂದಕ್ಕೆ ಎಳೆಯಬೇಡಿ, ಚರ್ಮ ಹರಿಯುತ್ತದೆ. ಬಾಯಿಯ ಕಡೆಗೇ ಮೆಲ್ಲಗೆ ಒತ್ತಿದರೆ ದವಡೆ ಸಡಿಲವಾಗುತ್ತದೆ. ಇದನ್ನು ತರಬೇತಿಯಲ್ಲಿ ಮಾಡಿ ತೋರಿಸಲು ಕೇಳಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಚರ್ಮ ಒಡೆದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ, ಘಟನೆಯನ್ನು ಪುಸ್ತಕದಲ್ಲಿ ಬರೆಸಿ.

ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ತಲೆಯಡಿ ಮೆತ್ತನೆಯದು ಇಡಿ, ಗಡಿಯಾರ ನೋಡಿ. ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ, ಬೀಗದಕೈ ಹುಡುಕುತ್ತ ಸಮಯ ಹೋಗುತ್ತದೆ. ಐದು ನಿಮಿಷ ದಾಟಿದರೆ 108.

ಮಗುವಿನ ಮೈಮೇಲೆ ಅನುಮಾನ ಬರುವಂಥ ಗಾಯ, ಲೈಂಗಿಕ ದೌರ್ಜನ್ಯದ ಸುಳಿವು ಕಂಡರೆ "ನಮಗ್ಯಾಕೆ" ಎಂದು ಬಿಡುವಂತಿಲ್ಲ. ಲೈಂಗಿಕ ದೌರ್ಜನ್ಯವಾದರೆ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಹಂತ 8: ಪೋಷಕರ ಜೊತೆ ಮಾತು

"ಮೇಡಂ, ಮಾತು ಯಾವಾಗ ಬರುತ್ತೆ?" ಎರಡನೇ ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ತಿಂಗಳ ಲೆಕ್ಕ ಹೇಳಬೇಡಿ. "ಯಾವಾಗ ಅಂತ ಹೇಳೋಕಾಗಲ್ಲಮ್ಮ. ಹೋದ ವಾರ ಹತ್ತು ಸಲದಲ್ಲಿ ಎರಡು ಸಲ ತಾನೇ ಕಾರ್ಡು ಕೊಟ್ಟಿದ್ದ, ಈ ವಾರ ಆರು ಸಲ ಕೊಟ್ಟ. ಮನೇಲಿ ಊಟಕ್ಕೆ ಮುಂಚೆ ಹೀಗೆ ಮಾಡಿ" ಎನ್ನಿ. ಅವರಿಗೆ ಹಿಡಿದುಕೊಳ್ಳಲು ಒಂದು ನಿಜ ಸಿಗುತ್ತದೆ. "ಇವರಪ್ಪನೂ ಮಾತಾಡಿದ್ದು ಲೇಟೇ" ಎನ್ನುವ ಅಜ್ಜಿಯ ಜೊತೆ ವಾದಕ್ಕಿಳಿಯಬೇಡಿ. ಅವರನ್ನು ಒಂದು ಸೆಷನ್ ಕೂರಿಸಿ ಒಂದೇ ಒಂದು ಕೆಲಸ ಕೊಡಿ. ಹೆಚ್ಚಿನ ಮನೆಗಳಲ್ಲಿ ಮಗುವಿನ ಜೊತೆ ದಿನವಿಡೀ ಇರುವವರು ಅವರೇ.

ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ (ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ) ಮಾಡಿಸಿದ್ದಾರೆಯೇ ಎಂದು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ ಎಂಬುದೇ ಗೊತ್ತಿಲ್ಲದ ಮನೆಗಳು ಬಹಳ. ಮಗುವಿನ ಫೋಟೊ, ವಿಡಿಯೊ ನಿಮ್ಮ ಫೋನ್‌ನಲ್ಲಿ ಇರಬಾರದು, ಸ್ಟೇಟಸ್‌ಗಂತೂ ಎಂದೂ ಹೋಗಬಾರದು.

ನಿಮ್ಮದೇ ಮಗುವಿಗೆ ಆಟಿಸಂ ಇದ್ದು ಈ ಕೆಲಸಕ್ಕೆ ಬರುತ್ತಿದ್ದರೆ ಇಷ್ಟನ್ನು ಪಾಲಿಸಿ: ನಿಮ್ಮ ಮಗುವಿನ ಥೆರಪಿಸ್ಟ್ ಬೇರೆಯವರಾಗಿರಲಿ, ಉಳಿದ ಪೋಷಕರ ಎದುರು ನಿಮ್ಮ ಮಗುವಿನ ಉದಾಹರಣೆ ಕೊಡಬೇಡಿ. ಅವರ ಮಗುವಿನ ದಾರಿ ಬೇರೆ.

ಹಂತ 9: ಮನೆಗೆ ಬಂದ ಮೇಲೆ

ಬಂದ ಕೂಡಲೇ ಕೈಕಾಲು ತೊಳೆದು ಬಟ್ಟೆ ಬದಲಿಸಿ, ಆಮೇಲೆ ನಿಮ್ಮ ಮಗುವನ್ನು ಎತ್ತಿಕೊಳ್ಳಿ. ಶೀತ, ಕೈ ಕಾಲು ಬಾಯಿ ಹುಣ್ಣಿನ ಸೋಂಕು ಸೆಂಟರ್‌ನಿಂದ ಮನೆಗೆ ಸುಲಭವಾಗಿ ಬರುತ್ತವೆ. ಸೆಷನ್ ಮುಗಿಯುವ ಹೊತ್ತಿಗೂ ನಿಮ್ಮ ಮಗು ಮನೆಗೆ ಬರುವ ಹೊತ್ತಿಗೂ ನಡುವೆ ಅರ್ಧ ಗಂಟೆಯಾದರೂ ನಿಮ್ಮದೇ ಆಗಿರಲಿ. ಬೆಳಿಗ್ಗೆಯಿಂದ ನಾಲ್ಕು ಮಕ್ಕಳ ಎದುರು ಕಾಯ್ದ ತಾಳ್ಮೆ, ಮನೆಯಲ್ಲಿ ಚೆಲ್ಲಿದ ಒಂದು ಲೋಟ ಹಾಲಿಗೆ ಕರಗಿಹೋಗಬಾರದು. ನಿಮ್ಮ ಮಗುವಿನಲ್ಲಿ ಲಕ್ಷಣ ಹುಡುಕಲು ಕೂರಬೇಡಿ. ಈ ಕೆಲಸಕ್ಕೆ ಸೇರಿದ ಅಮ್ಮಂದಿರಿಗೆ ಮೊದಲ ತಿಂಗಳಲ್ಲಿ ಈ ಭಯ ಬರುವುದುಂಟು. ನಿಜಕ್ಕೂ ಅನುಮಾನವಿದ್ದರೆ ಬೇರೆ ತಜ್ಞರಿಗೆ ತೋರಿಸಿ.

ಹಂತ 10: ತೊಂಬತ್ತನೇ ದಿನ

ಮೂರು ತಿಂಗಳಾದಾಗ ಸೂಪರ್‌ವೈಸರ್ ಜೊತೆ ಕೂತು ಹಾಜರಿ ಪುಸ್ತಕ ಎದುರಿಗಿಟ್ಟುಕೊಳ್ಳಿ. ನೂರಕ್ಕೆ ಐದಕ್ಕಿಂತ ಹೆಚ್ಚು ಸೆಷನ್ ನಿಮ್ಮ ಕಡೆಯಿಂದ ತಪ್ಪಿದ್ದರೆ ಹೊಸ ಸ್ಲಾಟ್ ಬೇಡ, ಮನೆಯ ವ್ಯವಸ್ಥೆ ಮೊದಲು ಸರಿಯಾಗಲಿ. ತಪ್ಪಿಲ್ಲದಿದ್ದರೆ ಒಂದೇ ಒಂದು ಸ್ಲಾಟ್ ಸೇರಿಸಿ, ಇನ್ನೊಂದು ತಿಂಗಳು ನೋಡಿ.

ಪ್ರತಿ ಮಗುವಿಗೂ ಒಂದು ಪುಟದ ಹಸ್ತಾಂತರ ಕಾರ್ಡು ಈ ಹೊತ್ತಿಗೆ ಸಿದ್ಧವಿರಬೇಕು: ಈಗಿನ ಗುರಿ, ಬಳಸುವ ಪದಗಳು, ಇಷ್ಟದ ಮೂರು ವಸ್ತು, ಕಿರಿಕಿರಿಯಾಗುವ ಸದ್ದು, ಅಲರ್ಜಿ, ಅಳು ನಿಲ್ಲಿಸುವ ದಾರಿ. ನೀವು ರಜೆ ಹಾಕಿದ ದಿನ ಬದಲಿ ಬರುವವರ ಕೈಗೆ ಇದು ಹೋಗಬೇಕು. ಬೆಳಿಗ್ಗೆ ಮಗು ನೋಡುವ ಚಿತ್ರದ ವೇಳಾಪಟ್ಟಿಯಲ್ಲಿ ನಿಮ್ಮ ಫೋಟೊ ತೆಗೆದು ಅವರ ಫೋಟೊ ಅಂಟಿಸಲು ಆ ಮಗುವಿನ ಅಮ್ಮನಿಗೆ ಹಿಂದಿನ ರಾತ್ರಿಯೇ ತಿಳಿಸಿ. ಕೆಲಸ ಬಿಡುವ ಪ್ರಸಂಗ ಬಂದರೂ ಇದೇ ಕ್ರಮ: ಎರಡು ವಾರ ಮೊದಲಿಂದ ಹೊಸ ಥೆರಪಿಸ್ಟ್ ನಿಮ್ಮ ಪಕ್ಕ ಕೂರಲಿ. ಮೊದಲ ವಾರ ಗುಳ್ಳೆ ಊದುವ ಡಬ್ಬಿ ನಿಮ್ಮ ಕೈಯಲ್ಲಿರಲಿ, ಎರಡನೇ ವಾರ ಅವರ ಕೈಗೆ ಕೊಡಿ.